ಔಷಧಕ್ಕೂ ಮೊದಲು ಬೇಕಾದದ್ದು

ಜಿಎನ್ಇ ಮಯೋಪತಿ ಎಂಬ ಸ್ನಾಯುರೋಗ ಸಾಮಾನ್ಯವಾಗಿ ಇಪ್ಪತ್ತು, ಮೂವತ್ತರ ಹರೆಯದಲ್ಲಿ ಶುರುವಾಗುತ್ತದೆ. ಹತ್ತು ಲಕ್ಷ ಜನರಲ್ಲಿ ಹತ್ತು ಮಂದಿಗೂ ಬರದ ರೋಗ ಇದು. ನನಗಿದೆ. ಇದರ ಸಂಶೋಧನೆಗಾಗಿ ನಾವು ಕೆಲವರು ಸೇರಿ ದುಡ್ಡು ಕೂಡಿಸುತ್ತೇವೆ. ಹೊಸದಾಗಿ ಈ ರೋಗದ ಹೆಸರು ಕೇಳಿ ಕಂಗೆಟ್ಟವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

1. ಎಡವುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುತ್ತಿರಲಿಲ್ಲ. ಹೊಸ್ತಿಲು, ಚಾಪೆಯ ಅಂಚು, ಎಲ್ಲಕ್ಕೂ ಬೆರಳು ತಾಗುತ್ತಿತ್ತು. ಪಾದವನ್ನು ಮೇಲೆತ್ತುವ ಸ್ನಾಯು ಮೊದಲು ಸೋಲುವುದೇ ಈ ರೋಗದ ಲಕ್ಷಣ. ಬೆನ್ನಿನ ಡಿಸ್ಕ್ ಸರಿದಿದೆ ಎಂದುಕೊಂಡು ಮಾಡಿಸಿದ ಚಿಕಿತ್ಸೆಯಲ್ಲೇ ಬಹಳ ಕಾಲ ಕಳೆಯಿತು. ತೊಡೆಯ ಮುಂಭಾಗದ ಸ್ನಾಯು ಮಾತ್ರ ವರ್ಷಗಟ್ಟಲೆ ಬಲವಾಗಿಯೇ ಉಳಿಯುತ್ತದೆ. ಬಲ್ಲ ನರರೋಗ ತಜ್ಞರಿಗೆ ಅದೇ ದೊಡ್ಡ ಸುಳಿವು. ಖಚಿತಪಡಿಸುವುದು ಜೀನ್ ಪರೀಕ್ಷೆ. ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಕೊಳ್ಳಲು ನಾನು ತುಂಬ ದಿನ ಸಂಕೋಚಪಟ್ಟೆ. ನೀವು ಪಡಬೇಡಿ. ಬಿದ್ದು ಮುರಿದ ಮೂಳೆ ಕೂಡುವವರೆಗೆ ಮಲಗಿದರೆ, ಉಳಿದ ಸ್ನಾಯುವೂ ಸೊರಗುತ್ತದೆ.

2. ಅಮ್ಮನನ್ನು ದೂರಲು ಬಿಡಬೇಡಿ

ರೋಗದ ಹೆಸರು ತಿಳಿದ ಮೇಲೆ ನೆಂಟರ ಬೆರಳು ಅಮ್ಮನ ಕಡೆ ತಿರುಗಿತು. ಆಗ ನಾನು ಬಾಯಿ ಬಿಡಲಿಲ್ಲ. ಅದರ ನೋವು ಇವತ್ತಿಗೂ ಇದೆ. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಈ ರೋಗ. ಅವರಿಬ್ಬರಿಗೂ ಏನೂ ಆಗಿರುವುದಿಲ್ಲ. ಅವರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಈ ಅಪಾಯ ಹೆಚ್ಚು, ನಿಜ. ಆದರೆ ಸಂಬಂಧವೇ ಇಲ್ಲದವರ ಮಕ್ಕಳಿಗೂ ಬರುತ್ತದೆ. ಭಾರತದ ರೋಗಿಗಳಲ್ಲಿ ವಿ727ಎಂ ಎಂಬ ಒಂದೇ ಜೀನ್ ಬದಲಾವಣೆ ಮತ್ತೆ ಮತ್ತೆ ಕಾಣಿಸುತ್ತದೆ. ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

3. ಬರುವ ಔಷಧದ ಹೆಸರಿನಲ್ಲಿ ದುಡ್ಡು ಕೇಳಬೇಡಿ

ಎಸ್‌ಎಂಎ ಎಂಬ ಇನ್ನೊಂದು ಆನುವಂಶಿಕ ರೋಗ ಇರುವ ಕೂಸಿನ ಕೋಟಿಗಟ್ಟಲೆ ಬೆಲೆಯ ಇಂಜೆಕ್ಷನ್‌ಗಾಗಿ ಊರೂರು ಜನ ದುಡ್ಡು ಕೊಟ್ಟದ್ದನ್ನು ನೋಡಿದ್ದೇವೆ. ಅಲ್ಲಿ ಮಗುವಿದೆ, ಔಷಧವಿದೆ, ಬೆಲೆಯಿದೆ. ಭಾರತದಲ್ಲಿ ನಮ್ಮ ರೋಗಕ್ಕೆ ಔಷಧವೇ ಇಲ್ಲ. ಅದನ್ನು ಹುಡುಕಲು ಕೇಳುತ್ತೇವೆ. ಈ ವ್ಯತ್ಯಾಸವನ್ನು ನಾನು ಮೊದಮೊದಲು ಬಿಡಿಸಿ ಹೇಳುತ್ತಿರಲಿಲ್ಲ. ನಮ್ಮ ದೇಹದಲ್ಲಿ ಸಿಯಾಲಿಕ್ ಆಮ್ಲ ಸಾಕಷ್ಟು ತಯಾರಾಗುವುದಿಲ್ಲ. ಅದನ್ನೇ ಮಾತ್ರೆಯಲ್ಲಿ ಕೊಡುವ ಅಂತಾರಾಷ್ಟ್ರೀಯ ಪ್ರಯೋಗ ನಡೆಯುತ್ತಿತ್ತು. ಇನ್ನೇನು ಮಾತ್ರೆ ಬಂದೇಬಿಡುತ್ತದೆ ಎಂದು ಕಂಡವರಿಗೆಲ್ಲ ಹೇಳಿದೆ. 2017ರಲ್ಲಿ ಫಲಿತಾಂಶ ಬಂತು. 89 ರೋಗಿಗಳು, 48 ವಾರ. ಮಾತ್ರೆ ನುಂಗಿದವರಿಗೂ ಸುಳ್ಳು ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ನನಗಾದ ದುಃಖ ಒಂದು ಕಡೆ. ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, "ಹಾಗಾದ್ರೆ ನಾವು ಕೊಟ್ಟ ದುಡ್ಡು ಏನಾಯ್ತು?" ಎಂದು ಮೆಲ್ಲಗೆ ಕೇಳಿದರು. ಆ ಪ್ರಯೋಗಕ್ಕೆ ನಮ್ಮ ಒಂದು ರೂಪಾಯಿಯೂ ಹೋಗಿರಲಿಲ್ಲ. ಆದರೆ ಎಲ್ಲಿಗೆ ಹೋಯಿತೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಈಗ ಮೊದಲೇ ಹೇಳುತ್ತೇನೆ: ಇದು ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿಯ ಸ್ಟೈಪೆಂಡ್, ಇದು ಜೀವಕೋಶ ಬೆಳೆಸುವ ದ್ರವದ ಬೆಲೆ, ನನ್ನ ಕಾಲಿಗೆ ಇದರಿಂದ ಏನೂ ಆಗದಿರಬಹುದು. ಕೊಡುವವರು ಕಡಿಮೆಯಾದರು. ಕೊಟ್ಟವರು ಮರುವರ್ಷವೂ ಕೊಡುತ್ತಾರೆ.

4. ಲೆಕ್ಕಪತ್ರ ಮೊದಲು, ಮನವಿ ಆಮೇಲೆ

ಸ್ವಂತ ಖಾತೆಗೆ ದೇಣಿಗೆ ಹಾಕಿಸಿಕೊಳ್ಳಬೇಡಿ. ಟ್ರಸ್ಟ್ ನೋಂದಾಯಿಸಿ, ಕೊಡುವವರಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಪಡೆಯಿರಿ. ಅಮೆರಿಕದಲ್ಲಿರುವ ಕನ್ನಡಿಗರು ಉದಾರವಾಗಿ ಕೊಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ತೊಡಕಿಲ್ಲ; ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಅನುಮತಿ ಬೇಕೇ ಬೇಕು. ತುಂಬ ಪ್ರೀತಿಯಿಂದ ಬಂದ ಹಣವನ್ನು ಬೇಡವೆನ್ನಬೇಕಾದಾಗ ಇದು ನಮಗೆ ತಿಳಿಯಿತು.

5. ರೋಗಿಗಳನ್ನು ಹುಡುಕಿ, ಅಳೆಯಿರಿ

ಈ ರೋಗ ಬಹಳ ನಿಧಾನ. ಔಷಧವಿಲ್ಲದೆ ವರ್ಷಕ್ಕೆ ಎಷ್ಟು ಶಕ್ತಿ ಕುಂದುತ್ತದೆ ಎಂಬುದು ಗೊತ್ತಿಲ್ಲದಿದ್ದರೆ, ಔಷಧ ಅದನ್ನು ತಡೆಯಿತೇ ಎಂದು ತೋರಿಸುವುದು ಹೇಗೆ? ಕೈಹಿಡಿತದ ಬಲ, ಆರು ನಿಮಿಷದಲ್ಲಿ ನಡೆಯುವ ದೂರ, ಇವನ್ನು ಒಂದೇ ಕ್ರಮದಲ್ಲಿ ವರ್ಷ ವರ್ಷವೂ ಅಳೆದು ಬರೆದಿಡಬೇಕು. ಇದಕ್ಕೆ ಕೋಟಿಗಳು ಬೇಕಿಲ್ಲ. ಜಪಾನಿನ ರೋಗಿಗಳು ಸಂಘ ಕಟ್ಟಿ, ಹೆಸರು ನೋಂದಾಯಿಸಿ, ಸರ್ಕಾರದ ಬೆನ್ನು ಬಿದ್ದಿದ್ದರು. ಅಲ್ಲಿ ನಡೆದ ಬೇರೆ ಪ್ರಯೋಗಗಳ ನಂತರ 2024ರಲ್ಲಿ ಆ ದೇಶ ಸಿಯಾಲಿಕ್ ಆಮ್ಲದ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಕಲಬುರಗಿ, ಬಳ್ಳಾರಿ ಕಡೆಯ ರೋಗಿಗಳು ಬೆಂಗಳೂರಿಗೆ ಬಂದು ಅಳತೆ ಕೊಡುವುದೇ ಕಷ್ಟ. ರೈಲಿನ ಮೆಟ್ಟಿಲು ಹತ್ತಲಾಗದು, ಜೊತೆಗೊಬ್ಬರು ಬೇಕು, ಅವರ ದಿನಗೂಲಿ ತಪ್ಪುತ್ತದೆ. ಆದ್ದರಿಂದ ಈಗ ಬಂದ ದೇಣಿಗೆಯಲ್ಲಿ ಮೊದಲು ಅವರ ಕಾರಿನ ಬಾಡಿಗೆ ಮತ್ತು ಜೊತೆಗೆ ಬಂದವರ ಕೂಲಿಗೆ ಹಣ ತೆಗೆದಿಡುತ್ತೇವೆ, ಪ್ರಯೋಗಾಲಯಕ್ಕೆ ಉಳಿದದ್ದು.