ಗುಜರಿಯ ತಕ್ಕಡಿ, ಬಣ್ಣದ ಡಬ್ಬಿ

ಸ್ಪ್ರೇ ಡಬ್ಬಿಯ ಬಣ್ಣ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಾನು ಕೊಂಡ 400 ಮಿಲಿಲೀಟರ್ ಡಬ್ಬಿಗೆ ಸುಮಾರು 250 ರೂಪಾಯಿ. ಲೀಟರಿನ ಲೆಕ್ಕಕ್ಕೆ ತಂದರೆ 600 ದಾಟುತ್ತದೆ. ಆ 400ರಲ್ಲಿ ಇರುವುದೆಲ್ಲ ಬಣ್ಣವೂ ಅಲ್ಲ. ಬಣ್ಣವನ್ನು ಹೊರತಳ್ಳುವ ಗ್ಯಾಸು, ಬೇಗ ಆರಿಹೋಗುವ ಥಿನ್ನರ್ ಎಲ್ಲ ಸೇರಿ ಅಷ್ಟು. ಅದೇ ಅಂಗಡಿಯಲ್ಲಿ ಎನಾಮಲ್ ಬಣ್ಣ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ಆದರೂ ಡಬ್ಬಿಯನ್ನೇ ಕೊಂಡದ್ದು ಅತ್ತೆಯ ಹೊಲಿಗೆ ಯಂತ್ರದ ಸ್ಟ್ಯಾಂಡಿಗಾಗಿ.

ಯಂತ್ರ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಬೀಡು ಕಬ್ಬಿಣದ ಸ್ಟ್ಯಾಂಡು, ಪೆಡಲು, ಚಕ್ರ ಮಾತ್ರ ತುಕ್ಕು ಹೊದ್ದುಕೊಂಡು ಗಟ್ಟಿಯಾಗಿ ನಿಂತಿದ್ದವು. ಗುಜರಿಯವರು ಎತ್ತಿ ನೋಡಿ, ಕಿಲೋಗೆ 30ರಂತೆ 500 ರೂಪಾಯಿ ಕೊಡ್ತೀನಿ ಅಂದರು. ಅದಕ್ಕೊಂದು ಹಲಗೆ ಕೂರಿಸಿ ಮೇಜು ಮಾಡಿಕೊಳ್ಳೋಣವೆಂದು ನಾನು ಹೊರಟಾಗ, ಲೆಕ್ಕದ ಮೊದಲ ಸಾಲಿನಲ್ಲಿ ಬರೆದದ್ದು ಈ 500 ರೂಪಾಯಿಯನ್ನೇ. ಮನೆಯಲ್ಲಿರುವ ಹಳೆಯ ವಸ್ತು ಪುಕ್ಕಟೆ ಎಂದುಕೊಳ್ಳುತ್ತೇವೆ. ಮಾರಿದ್ದರೆ ಕೈಗೆ ಬರುತ್ತಿದ್ದ ಹಣವೂ ಖರ್ಚೇ.

ಸ್ಟ್ಯಾಂಡಿನ ತುಂಬ ಬಳ್ಳಿ, ಸುರುಳಿ, ಸಂದುಗೊಂದು. ಬ್ರಷ್ ಹಿಡಿದರೆ ಒಂದೊಂದು ಸಂದಿನಲ್ಲೂ ಬಣ್ಣ ಮಡುಗಟ್ಟುತ್ತದೆ, ಕೆಲಸ ಮುಗಿಯುವುದೂ ಇಲ್ಲ. ಸ್ಪ್ರೇ ಬಣ್ಣ ಹುಟ್ಟಿದ್ದೂ ಇಂಥದೇ ವಸ್ತುವಿಗಾಗಿ. 1949ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿಗೆ, ಮನೆ ಬೆಚ್ಚಗಿಡುವ ರೇಡಿಯೇಟರುಗಳಿಗೆ ಹಚ್ಚುವ ತನ್ನ ಅಲ್ಯೂಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ಸುಲಭವಾಗಿ ತೋರಿಸಬೇಕಿತ್ತು. ಡಬ್ಬಿಯಲ್ಲಿ ತುಂಬಿ ಸಿಂಪಡಿಸಬಹುದಲ್ಲ ಎಂದು ಸೂಚಿಸಿದ್ದು ಅವನ ಹೆಂಡತಿ ಬಾನಿ. ಪಕ್ಕೆಲುಬು ಎದ್ದ ರೇಡಿಯೇಟರಿಗೂ ಬಳ್ಳಿ ಬಿಟ್ಟ ಸ್ಟ್ಯಾಂಡಿಗೂ ಕಷ್ಟ ಒಂದೇ. ಡಬ್ಬಿಗೆ ಕೊಡುವ ಹೆಚ್ಚಿನ ದುಡ್ಡು ಬಣ್ಣದ ಬೆಲೆಯಲ್ಲ, ಉಳಿಯುವ ಸಮಯದ ಬೆಲೆ. ಹಾಗಾಗಿ ಅಟ್ಟದ ಟ್ರಂಕು, ಬೀರು, ಸ್ಟೂಲಿನಂಥ ಚಪ್ಪಟೆ ವಸ್ತುಗಳಿಗೆ ನಾನು ಬ್ರಷ್ಷನ್ನೇ ಬಳಸುತ್ತೇನೆ. ಟೇಬಲ್ ಫ್ಯಾನಿನ ಜಾಲರಿ, ಕಂಬಿಯ ಕುರ್ಚಿ, ಹೂಕುಂಡದ ಸ್ಟ್ಯಾಂಡು ಇವಕ್ಕೆ ಮಾತ್ರ ಡಬ್ಬಿ.

"ಕಲರ್ ಆಮೇಲೆ ನೋಡೋಣ ಮೇಡಂ, ಮೊದ್ಲು ತುಕ್ಕು ಪೂರ್ತಿ ತೆಗೀರಿ. ಪ್ರೈಮರ್ ಇಲ್ದೆ ಹೊಡೆದ್ರೆ ಒಂದು ಮಳೆಗಾಲನೂ ನಿಲ್ಲಲ್ಲ" ಎಂದರು ಅಂಗಡಿಯವರು. ಅವರು ಹೇಳಿದಂತೆ ತಂತಿ ಬ್ರಷ್ಷಿನಿಂದ ಕೆರೆದು, 120ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, 320ರಲ್ಲಿ ನಯ ಮಾಡಿ, ಒರೆಸಿ ಒಣಗಿಸಿದೆ. ಬಣ್ಣ ಹೊಡೆಯುವುದು ನಿಮಿಷಗಳ ಕೆಲಸ. ಅದಕ್ಕೆ ಮುಂಚಿನದೇ ನಿಜವಾದ ದುಡಿಮೆ.

ಹಳೆಯ ಬಣ್ಣವಿರುವ ವಸ್ತುವಾದರೆ ಇಲ್ಲೊಂದು ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವನ್ನು ನಮ್ಮ ದೇಶ ಹೊರಡಿಸಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಪುಡಿ ಹಾರಿಸಬಾರದು. ನೀರು ಹಚ್ಚಿ ಉಜ್ಜಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬಾರದು.

ಇನ್ನು ಕೈ ಪಳಗಿಸುವುದು. ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ತೊಡಗಿದ ಮೇಲೂ ಒಂದು ನಿಮಿಷ ಕುಲುಕಬೇಕು. ವಸ್ತುವಿನಿಂದ ಎಂಟು–ಹತ್ತು ಅಂಗುಲ ದೂರದಲ್ಲಿ ಹಿಡಿದು, ಅಂಚಿನ ಆಚೆ ಗುಂಡಿ ಒತ್ತಿ, ಕೈ ನಿಲ್ಲಿಸದೆ ಇನ್ನೊಂದು ಅಂಚು ದಾಟಿದ ಮೇಲೆ ಬಿಡಬೇಕು. ಕೈ ನಿಂತಲ್ಲಿ ಬಣ್ಣ ಇಳಿಯುತ್ತದೆ. ಮೊದಲ ಕೋಟಿನಲ್ಲಿ ಒಳಗಿನದು ಅಲ್ಲಲ್ಲಿ ಕಾಣಲಿ, ಪರವಾಗಿಲ್ಲ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ತೆಳುವಾಗಿ ಮತ್ತೆ ಹೊಡೆಯಬೇಕು. ರಟ್ಟಿನ ಪೆಟ್ಟಿಗೆಯ ಮೇಲೆ ಮೊದಲು ಅಭ್ಯಾಸ ಮಾಡಿದರೆ ಸ್ವಲ್ಪ ಬಣ್ಣ ಹೋಗುತ್ತದೆ, ನಿಜ. ಅದು ಕಲಿಕೆಯ ಶುಲ್ಕ.

ನಮ್ಮ ಮಲೆನಾಡಿನ ಸೆರಗಿನ ಊರಿನಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಸುಕು ಕಟ್ಟುತ್ತದೆ. ನಾನು ಆರಿಸಿಕೊಂಡದ್ದು ಫೆಬ್ರವರಿಯನ್ನು, ಗಾಳಿಯಿಲ್ಲದ ಬೆಳಗಿನ ತಾರಸಿಯನ್ನು. ಡಬ್ಬಿಯ ಗ್ಯಾಸು ಬೆಂಕಿಗೆ ಹತ್ತಿಕೊಳ್ಳುವಂಥದ್ದು. ಒಲೆ, ದೀಪ, ಊದುಬತ್ತಿ ಹತ್ತಿರ ಇರಕೂಡದು. ಬಟ್ಟೆಯ ಮಾಸ್ಕು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ, ಅದಕ್ಕೆಂದೇ ಇರುವ ಕಾರ್ಟ್ರಿಜ್ ಮಾಸ್ಕೇ ಬೇಕು. ಇದರಲ್ಲಿ ಉಳಿತಾಯ ನೋಡಬೇಡಿ.

ಒಟ್ಟು ಲೆಕ್ಕ ಹೀಗಾಯಿತು. ಬಿಟ್ಟುಕೊಟ್ಟ ಗುಜರಿ ಹಣ 500, ಒಂದು ಪ್ರೈಮರ್ ಮತ್ತು ಎರಡು ಬಣ್ಣದ ಡಬ್ಬಿಗೆ 750, ಬ್ರಷ್ಷು, ಪೇಪರು, ಟೇಪಿಗೆ 200: ಅಲ್ಲಿಗೆ 1,450. ಹಲಗೆ ಮನೆಯದೇ. ಅದೇ ಅಳತೆಯ ಹೊಸ ಕಬ್ಬಿಣದ ಮೇಜಿಗೆ ಫರ್ನಿಚರ್ ಅಂಗಡಿಯಲ್ಲಿ 4,000 ಕೇಳಿದ್ದರು. ಮಾಸ್ಕಿಗೆ ಕೊಟ್ಟ 800 ಸೇರಿಸಿದರೂ ಉಳಿತಾಯವೇ, ಮುಂದಿನ ವಸ್ತುವಿಗೆ ಆ ಖರ್ಚೂ ಇಲ್ಲ.

ಎಲ್ಲ ವಸ್ತುವಿಗೂ ಈ ಲೆಕ್ಕ ಒಗ್ಗುವುದಿಲ್ಲ. ಹಿತ್ತಾಳೆಯ ದೀಪಕ್ಕೆ, ಸಾಗುವಾನಿ ಕುರ್ಚಿಗೆ ಬಣ್ಣ ಬಳಿದರೆ ಇದ್ದ ಬೆಲೆಯೂ ಇಳಿಯುತ್ತದೆ. ಅವಕ್ಕೆ ಹುಣಸೆಹಣ್ಣು, ಪಾಲಿಶ್ ಸಾಕು. ಪ್ಲಾಸ್ಟಿಕ್ ಕುರ್ಚಿಗೆ ಸಾಮಾನ್ಯ ಬಣ್ಣ ಹಿಡಿಯುವುದಿಲ್ಲ. ಒಲೆಯ ಬರ್ನರ್, ಅನ್ನದ ಪಾತ್ರೆಗಳ ಹತ್ತಿರವಂತೂ ಡಬ್ಬಿ ಒಯ್ಯಲೇಬಾರದು. ಮೈ ಕೆಟ್ಟು ಎಲುಬು ಗಟ್ಟಿಯಿರುವ ಕಬ್ಬಿಣಕ್ಕೆ ಮಾತ್ರ ಈ ಖರ್ಚು ಸಾರ್ಥಕ.

ಕೊನೆಗೆ ಅರ್ಧ ಡಬ್ಬಿ ಉಳಿಯುತ್ತದೆ, ಉಳಿದದ್ದನ್ನು ಮುಗಿಸಲು ಮನೆಯಲ್ಲಿ ಏನಾದರೂ ಹುಡುಕುವ ಚಪಲ ಹುಟ್ಟುತ್ತದೆ. ಅದಕ್ಕೆ ಕೊಟ್ಟ ಹಣ ಆಗಲೇ ಹೋಗಿದೆ; ಮುಗಿಸಿದ ಮಾತ್ರಕ್ಕೆ ವಾಪಸು ಬರುವುದಿಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿ, ಬಣ್ಣ ನಿಂತು ಬರಿ ಗ್ಯಾಸು ಬರುವವರೆಗಷ್ಟೇ ಒತ್ತಿದರೆ ಮೂತಿ ಕಟ್ಟಿಕೊಳ್ಳುವುದಿಲ್ಲ. ಬಿಸಿಲು ತಾಕದ ಕಡೆ ಎತ್ತಿಡಿ. ಮೇಜಿನ ಬಣ್ಣ ಎಲ್ಲಾದರೂ ಕಿತ್ತುಬಂದಾಗ ಹೊಸ ಡಬ್ಬಿಯ 250 ರೂಪಾಯಿ ಉಳಿಯುತ್ತದೆ.