ಜೇಡಿಮಣ್ಣಿಗೆ ಸೆಣಬಿನ ನಾರಿನ ಆಸರೆ



ಭಾದ್ರಪದ ಮಾಸ ಬಂತೆಂದರೆ ಬಸವನಗುಡಿಯ ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಅಡ್ಡರಸ್ತೆ, ಚಾಮರಾಜಪೇಟೆಯ ಬೀದಿಗಳಲ್ಲಿ ಗೌರಿ-ಗಣೇಶರ ಮೂರ್ತಿಗಳು ಸಾಲಾಗಿ ಕುಳಿತಿರುತ್ತವೆ. ಕೊಳ್ಳುವವರು ಮೂರ್ತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಏಕೆ? ಸೊಂಡಿಲಿನಲ್ಲೋ ಕೈಯಲ್ಲೋ ಬಿರುಕು ಇದೆಯೇ ಎಂದು. ಬಿರುಕು ಬಿಟ್ಟ ಮೂರ್ತಿ ಪೂಜೆಗೆ ಬರುವುದಿಲ್ಲ. ಮಾಡಿದವರ ಹಲವು ದಿನಗಳ ದುಡಿಮೆ ಒಂದು ಗೆರೆಯಿಂದ ವ್ಯರ್ಥವಾಗುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಈ ತೊಂದರೆ ಇಲ್ಲ. ಅದು ಹಗುರ, ಬೇಗ ಗಟ್ಟಿಯಾಗುತ್ತದೆ, ಮಣ್ಣಿನಂತೆ ಕುಗ್ಗುವುದಿಲ್ಲ. ಅದರ ಮೂರ್ತಿಗಳು ಎಲ್ಲೆಡೆ ಹರಡಲು ಇದೇ ಕಾರಣ. ಆದರೆ ಅದು ಕ್ಯಾಲ್ಸಿಯಂ ಸಲ್ಫೇಟಿನ ಒಂದು ರೂಪ. ನೀರಿನಲ್ಲಿ ಸುಲಭವಾಗಿ ಕರಗದೆ ಕೆರೆಯ ತಳದಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ ಮೂರ್ತಿಗಳು ಬೇಡ, ಮಣ್ಣಿನವು ಇರಲಿ ಎಂದು ಹೇಳಿದೆ.

ಹಾಗಾದರೆ ಮಣ್ಣಿನ ಮೂರ್ತಿ ಬಿರಿಯದಂತೆ ಮಾಡುವುದು ಹೇಗೆ? ಇದಕ್ಕೊಂದು ಹಳೆಯ ಉಪಾಯವಿದೆ. ಅದೇ ನಾರು.

ಮಣ್ಣು ಏಕೆ ಬಿರಿಯುತ್ತದೆ?

ಜೇಡಿಮಣ್ಣಿನ ಕಣಗಳು ಚಪ್ಪಟೆಯಾದ ತಗಡಿನಂತಿರುತ್ತವೆ. ಅವು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕವು. ಮಣ್ಣನ್ನು ಕಲಸಿದಾಗ ಎರಡು ಕಣಗಳ ನಡುವೆ ನೀರಿನ ತೆಳುವಾದ ಪದರ ನಿಲ್ಲುತ್ತದೆ. ಅದರಿಂದಲೇ ಕಣಗಳು ಒಂದರ ಮೇಲೊಂದು ಜಾರುತ್ತವೆ, ಮಣ್ಣು ನಾವು ಹೇಳಿದಂತೆ ಕೇಳುತ್ತದೆ. ನೀರು ಆವಿಯಾದಾಗ ಕಣಗಳು ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ.

ಎಲ್ಲ ಭಾಗವೂ ಒಟ್ಟಿಗೆ ಕುಗ್ಗಿದರೆ ತೊಂದರೆಯಿಲ್ಲ. ಆದರೆ ಹೊರಮೈ ಬೇಗ ಒಣಗುತ್ತದೆ, ಒಳಭಾಗ ಇನ್ನೂ ಹಸಿಯಾಗಿರುತ್ತದೆ. ಹೊರಮೈ ಕುಗ್ಗಲು ನೋಡುತ್ತದೆ, ಒಳಭಾಗ ಬಿಡುವುದಿಲ್ಲ. ಈ ಎಳೆದಾಟದಲ್ಲಿ ಹೊರಮೈ ಸೀಳುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳ ಬಾಯಿ ಬಿಡುವುದೂ ಇದೇ ಕಾರಣದಿಂದ.

ನಾರು ಮಾಡುವ ಕೆಲಸ

ಮಣ್ಣಿಗೆ ಸಣ್ಣಗೆ ಕತ್ತರಿಸಿದ ನಾರು ಬೆರೆಸಿದರೆ ಎರಡು ಲಾಭಗಳಿವೆ. ಮೊದಲನೆಯದು, ಬಿರುಕು ಹುಟ್ಟಿದ ಜಾಗದಲ್ಲಿ ನಾರಿನ ಎಳೆ ಎರಡೂ ಬದಿಯನ್ನು ಹಿಡಿದಿಡುತ್ತದೆ. ಹರಿದ ಬಟ್ಟೆಗೆ ಹಾಕಿದ ಹೊಲಿಗೆಯಂತೆ ಅದು ಬಿರುಕನ್ನು ಮುಂದೆ ಹೋಗಗೊಡುವುದಿಲ್ಲ. ಎರಡನೆಯದು, ದೀಪದ ಬತ್ತಿ ಎಣ್ಣೆಯನ್ನು ಮೇಲೇರಿಸುವಂತೆ ನಾರು ಒಳಗಿನ ನೀರನ್ನು ಹೊರಕ್ಕೆ ತರುತ್ತದೆ. ಇದರಿಂದ ಒಳಗೂ ಹೊರಗೂ ಮಣ್ಣು ಹೆಚ್ಚುಕಡಿಮೆ ಸಮನಾಗಿ ಒಣಗುತ್ತದೆ.

ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹುಲ್ಲು, ಭತ್ತದ ಹೊಟ್ಟು ಬೆರೆಸಿ ತುಳಿಯುವುದನ್ನು ನೀವು ನೋಡಿರಬಹುದು. ಕೋಲ್ಕತ್ತದ ಕುಮಾರ್‌ಟುಲಿಯಲ್ಲಿ ದುರ್ಗಾ ಮೂರ್ತಿ ಮಾಡುವವರು ಮಣ್ಣಿಗೆ ಭತ್ತದ ಹೊಟ್ಟು, ಸೆಣಬಿನ ನಾರು ಸೇರಿಸುತ್ತಾರೆ. ತತ್ತ್ವ ಒಂದೇ.

ಒಂದೇ ಹೆಸರು, ಮೂರು ಗಿಡ

ಕನ್ನಡದಲ್ಲಿ ‘ಸೆಣಬು’ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಗಿಡಗಳಿಗಿದೆ. ಗೋಣಿಚೀಲದ ಸೆಣಬು ಒಂದು. ಹಸಿರೆಲೆ ಗೊಬ್ಬರಕ್ಕೆ ರೈತರು ಬಿತ್ತುವ ಅಪ್ಸೆಣಬು ಇನ್ನೊಂದು. ಇದು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ್ದು. ಮೂರನೆಯದು ಭಂಗಿ ಗಿಡ. ಮೂರರಲ್ಲೂ ನಾರು ಬರುವುದು ಕಾಂಡದ ತೊಗಟೆಯಿಂದ. ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಾರೆ. ಮೂರೂ ನಾರುಗಳಲ್ಲಿ ಹೆಚ್ಚಾಗಿರುವುದು ಸೆಲ್ಯುಲೋಸ್. ಭಂಗಿ ಗಿಡವನ್ನು ಸರ್ಕಾರದ ಪರವಾನಗಿ ಇಲ್ಲದೆ ಬೆಳೆಯುವಂತಿಲ್ಲ. ನಮ್ಮ ಪ್ರಯೋಗಕ್ಕೆ ಹಳೆಯ ಗೋಣಿಚೀಲವೇ ಸಾಕು.

ಎಲ್ಲೋರಾದ ಸಾಕ್ಷಿ

ಕನ್ನಡ ನಾಡನ್ನು ಆಳಿದ ರಾಷ್ಟ್ರಕೂಟರು ಕೈಲಾಸ ದೇವಾಲಯವನ್ನು ಕೊರೆಸಿದ ಎಲ್ಲೋರಾದ ಹೆಸರು ನಿಮಗೆ ಗೊತ್ತಲ್ಲವೇ? ಅಲ್ಲಿನ ಗುಹೆಗಳ ಮಣ್ಣಿನ ಗಾರೆಯನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಗಾರೆಯಲ್ಲಿ ಭಂಗಿ ಗಿಡದ ತುಣುಕುಗಳು ಸಿಕ್ಕವು. ಈ ಅಧ್ಯಯನ 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಜಂತಾದ ಗಾರೆಯಲ್ಲಿ ಈ ಗಿಡದ ಅಂಶ ಇರಲಿಲ್ಲ. ಅಲ್ಲಿ ಕೀಟಗಳಿಂದ ಹೆಚ್ಚು ಹಾನಿಯಾಗಿದೆ. ಎಲ್ಲೋರಾದ ಗಾರೆ ಬಾಳಲು ಭಂಗಿಯೂ ಒಂದು ಕಾರಣವೆಂದು ಸಂಶೋಧಕರ ಅಭಿಪ್ರಾಯ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಒಣಗಿಸಿ ಜರಡಿ ಹಿಡಿದ ಜೇಡಿಮಣ್ಣು 1 ಕಿ.ಗ್ರಾಂ, ಗೋಣಿ ನಾರು 5 ಗ್ರಾಂ, ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಅಳತೆಪಟ್ಟಿ, ಕತ್ತರಿ, ನೀರು.

ವಿಧಾನ:
1. ನಾರನ್ನು 1 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಹಿಂಡಿ.
2. ಮಣ್ಣನ್ನು ಸಮನಾಗಿ ಎರಡು ಪಾಲು ಮಾಡಿ. ‘ಅ’ ಪಾಲಿಗೆ ನೀರು ಮಾತ್ರ. ‘ಆ’ ಪಾಲಿಗೆ ನಾರನ್ನೂ ಎಳೆ ಎಳೆಯಾಗಿ ಬಿಡಿಸಿ ಹಾಕಿ. ಎರಡನ್ನೂ ಚಪಾತಿ ಹಿಟ್ಟಿನ ಹದಕ್ಕೆ ನಾದಿ.
3. ಪ್ರತಿ ಪಾಲಿನಿಂದ 15 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಒಂದು ಬಿಲ್ಲೆ ತಟ್ಟಿ. ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಯಿರಿ.
4. ಉಳಿದ ಮಣ್ಣನ್ನು ಲೋಟದ ಹೊರಮೈಗೆ ಒಂದೇ ದಪ್ಪದಲ್ಲಿ ಮೆತ್ತಿ.
5. ಎಲ್ಲವನ್ನೂ ಐದಾರು ದಿನ ನೆರಳಿನಲ್ಲಿ ಒಣಗಿಸಿ. ದಿನವೂ ಗೆರೆಯನ್ನು ಅಳೆದು, ಬಿರುಕುಗಳನ್ನು ಎಣಿಸಿ ಬರೆದುಕೊಳ್ಳಿ.

ಲೆಕ್ಕ: 10 ಸೆಂ.ಮೀ. ಗೆರೆ 9.3 ಸೆಂ.ಮೀ. ಆದರೆ 0.7 ಸೆಂ.ಮೀ. ಕುಗ್ಗಿದೆ. ಅಂದರೆ ಶೇಕಡಾ 7.

ಲೋಟಕ್ಕೆ ಮೆತ್ತಿದ ಮಣ್ಣನ್ನು ವಿಶೇಷವಾಗಿ ಗಮನಿಸಿ. ಸ್ಟೀಲ್ ಕುಗ್ಗುವುದಿಲ್ಲ, ಮಣ್ಣು ಕುಗ್ಗಲೇಬೇಕು. ‘ಅ’ ಲೋಟಕ್ಕೂ ‘ಆ’ ಲೋಟಕ್ಕೂ ಏನು ವ್ಯತ್ಯಾಸ ಕಂಡಿತು? ನಾರು ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರುವುದರಿಂದ ವ್ಯತ್ಯಾಸಕ್ಕೆ ಕಾರಣ ನಾರೇ ಎಂದು ಧೈರ್ಯವಾಗಿ ಹೇಳಬಹುದು.

ಕೊನೆಗೆ ಎರಡೂ ಬಿಲ್ಲೆಗಳ ಒಂದೊಂದು ತುಂಡನ್ನು, ಒಡೆದ ಮಡಕೆಯ ಒಂದು ಬೋಕಿಯನ್ನು ಬಕೆಟ್ ನೀರಿಗೆ ಹಾಕಿ. ಯಾವುದು ಎಷ್ಟು ನಿಮಿಷದಲ್ಲಿ ಕರಗಿ ಕೆಸರಾಯಿತು? ಬೋಕಿ ಏನಾಯಿತು?

ಸುಟ್ಟರೆ ನಾರು ಏನಾಗುತ್ತದೆ?

ಮೂರ್ತಿಯನ್ನು ಸುಡುವುದಿಲ್ಲ, ಮಡಕೆಯನ್ನು ಆವಿಗೆಯಲ್ಲಿ ಸುಡುತ್ತಾರೆ. ಶಾಖ 300-400 ಡಿಗ್ರಿ ಸೆಲ್ಸಿಯಸ್ ದಾಟುವಷ್ಟರಲ್ಲಿ ನಾರು ಕರಿಕಾಗಿ ಉರಿದುಹೋಗುತ್ತದೆ. ಸುಮಾರು 600 ಡಿಗ್ರಿಯ ಹೊತ್ತಿಗೆ ಮಣ್ಣಿನ ಕಣಗಳಲ್ಲೇ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆಮೇಲೆ ಅದು ಮತ್ತೆ ಕೆಸರಾಗದು. ಬೋಕಿ ಕರಗದಿರಲು ಇದೇ ಕಾರಣ.

ನಾರು ಇದ್ದ ಜಾಗದಲ್ಲಿ ಸಣ್ಣ ಸುರಂಗ ಉಳಿಯುತ್ತದೆ. ಇದರಿಂದ ಮಡಕೆ ಹಗುರವಾಗುತ್ತದೆ, ಆದರೆ ನಾರು ಹೆಚ್ಚಾದರೆ ಬಲ ಕುಂದುತ್ತದೆ. ಹೀಗೆ ಉಳಿಯುವ ರಂಧ್ರಗಳನ್ನೇ ಉಪಯೋಗಿಸಿ ಗ್ವಾಟೆಮಾಲಾ ದೇಶದ ಫರ್ನಾಂಡೊ ಮಜಾರಿಯೆಗೊಸ್ 1981ರಲ್ಲಿ ನೀರು ಸೋಸುವ ಮಣ್ಣಿನ ಪಾತ್ರೆ ರೂಪಿಸಿದರು. ಅದರಲ್ಲಿ ಮಣ್ಣಿಗೆ ಮರದ ಹೊಟ್ಟಿನಂಥ ಪದಾರ್ಥ ಬೆರೆಸಿ ಸುಡುತ್ತಾರೆ.

ಎಲ್ಲ ಕಡೆಯೂ ರಂಧ್ರ ಒಳ್ಳೆಯದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1930ರ ದಶಕದಲ್ಲಿ, ಮಲ್ಲೇಶ್ವರದ ಬಳಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಆರಂಭವಾಯಿತು. ಮುಂದೆ ಅದು ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು. ಅಲ್ಲಿ ತಯಾರಾದದ್ದು ವಿದ್ಯುತ್ ಮಾರ್ಗಗಳಿಗೆ ಬೇಕಾದ ಪಿಂಗಾಣಿ ಇನ್ಸುಲೇಟರ್‌ಗಳು. ಅವುಗಳಲ್ಲಿ ರಂಧ್ರವಿದ್ದರೆ ಮಳೆನೀರು ಒಳಗಿಳಿದು ವಿದ್ಯುತ್ ಸೋರುತ್ತದೆ. ಹಾಗಾಗಿ ಅಂಥ ಪಿಂಗಾಣಿಗೆ ನಾರು ಬೆರೆಸುವುದಿಲ್ಲ. ಬಹಳ ಹೆಚ್ಚಿನ ಶಾಖದಲ್ಲಿ ಸುಟ್ಟು ರಂಧ್ರಗಳನ್ನು ಮುಚ್ಚುತ್ತಾರೆ.

ಯೋಚಿಸಿ, ಉತ್ತರಿಸಿ

1. ಬೇಸಿಗೆಯಲ್ಲಿ ನೀರು ತಂಪಾಗಿಡುವ ಹೂಜಿಗೆ ರಂಧ್ರ ಬೇಕೋ ಬೇಡವೋ? ಏಕೆ?
2. ನಾರಿನ ಬದಲು ನೆನೆಸಿ ಅರೆದ ಹಳೆಯ ಪತ್ರಿಕೆಯನ್ನು ಬೆರೆಸಬಹುದೇ? ಕಾಗದದಲ್ಲಿರುವುದೇನು?
3. ನಾರನ್ನು 10 ಗ್ರಾಂಗೆ ಏರಿಸಿದರೆ ಬಿರುಕು ಇನ್ನೂ ಕಡಿಮೆಯಾಗುವುದೇ? ಮಾಡಿ ನೋಡಿ.

ನಿಮ್ಮ ಶಾಲೆಯ ವಿಜ್ಞಾನ ಸಂಘದಲ್ಲಿ ಫಲಿತಾಂಶವನ್ನು ಚರ್ಚಿಸಿ. ಮುಂದಿನ ಚೌತಿಗೆ ನಾರು ಬೆರೆಸಿದ ಮಣ್ಣಿನಿಂದ, ಬಣ್ಣ ಹಚ್ಚದ ಪುಟ್ಟ ಗಣಪನನ್ನು ನೀವೇ ಮಾಡಿ. ಪೂಜೆಯ ನಂತರ ಬಕೆಟ್‌ನಲ್ಲೇ ವಿಸರ್ಜಿಸಿ, ಆ ಮಣ್ಣನ್ನು ಶಾಲೆಯ ಗಿಡದ ಬುಡಕ್ಕೆ ಹಾಕಿ. ಮಣ್ಣು ಮಣ್ಣಿಗೆ ಸೇರುತ್ತದೆ, ನಾರು ಕೊಳೆತು ಗೊಬ್ಬರವಾಗುತ್ತದೆ.