ಸೂರ್ಯನ ಬಿರುಗಾಳಿಗೆ ಕೂರಿಗೆ ನಿಲ್ಲಿಸಬೇಕೆ?

ರೈತ ಬಾಂಧವರೇ,

"ಸೂರ್ಯನಲ್ಲಿ ಬಿರುಗಾಳಿ ಎದ್ದಿದೆಯಂತೆ, ಎರಡು ದಿನ ಹೊಲಕ್ಕೆ ಇಳಿಯಬಾರದಂತೆ, ಹೌದೇ ಸ್ವಾಮಿ?" ಎಂದು ಹಳ್ಳಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ಆದುದರಿಂದ ಇದರ ನಿಜಸ್ಥಿತಿಯನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಸೂರ್ಯನ ಮೈಮೇಲೆ ಆಗಾಗ ಕಪ್ಪು ಕಲೆಗಳು ಏಳುತ್ತವೆ. ಅಲ್ಲಿ ಕಾಂತಶಕ್ತಿ ಬಹಳ ಹೆಚ್ಚು. ಈ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ, ಮತ್ತೆ ಕಡಿಮೆಯಾಗುತ್ತವೆ. ಅತಿಯಾಗಿ ಹುರಿಗೊಂಡ ಹಗ್ಗ ತಟ್ಟನೆ ಹರಿಯುವಂತೆ ಅಲ್ಲಿನ ಕಾಂತಶಕ್ತಿ ಸಿಡಿದಾಗ, ಕಾದ ಅನಿಲ ಹೊರಕ್ಕೆ ಚಿಮ್ಮುತ್ತದೆ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ ಸಾಕು. ಈ ಅನಿಲಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು.

ನಮ್ಮ ಭೂಮಿಯೂ ಒಂದು ದೊಡ್ಡ ಅಯಸ್ಕಾಂತವೇ. ಬಂದ ಅನಿಲದ ಕಾಂತದ ದಿಕ್ಕು ಭೂಮಿಯದಕ್ಕೆ ಎದುರಾಗಿದ್ದರೆ ಅದರ ಶಕ್ತಿ ಒಳನುಗ್ಗಿ, ದಿಕ್ಸೂಚಿಯ ಮುಳ್ಳು ಅಲುಗುತ್ತದೆ. ಇದೇ ಭೂಕಾಂತ ಬಿರುಗಾಳಿ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್‌ಟನ್ ಎಂಬವರು ಸೂರ್ಯನ ಕಲೆಗಳ ಬಳಿ ಬೆಳಕು ಮಿಂಚಿದ್ದನ್ನು ಕಂಡರು. ಒಂದು ದಿನ ತುಂಬುವುದರೊಳಗೆ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣಗಳಲ್ಲಿ ಭಾರಿ ಏರುಪೇರು ದಾಖಲಾಯಿತು. ಅದು ಬಹಳ ವೇಗವಾಗಿ ಬಂದ ಬಿರುಗಾಳಿ.

ಹೆಸರು ಬಿರುಗಾಳಿಯಾದರೂ ಇದರಿಂದ ಗಾಳಿ ಬೀಸದು, ಮಳೆ ಸುರಿಯದು. ಪೈರಿಗೆ, ದನಕರುಗಳಿಗೆ, ಹೊಲದಲ್ಲಿ ದುಡಿಯುವವರಿಗೆ ಕೇಡಿಲ್ಲ. ವಾತಾವರಣವೇ ನಮಗೆ ಸೂರು. ಪೆಟ್ಟು ಬೀಳುವುದು ಉದ್ದನೆಯ ವಿದ್ಯುತ್ ತಂತಿಗಳಿಗೆ ಮತ್ತು ಉಪಗ್ರಹಗಳ ಸಂಕೇತಕ್ಕೆ. 1989ರ ಮಾರ್ಚ್ 13ರಂದು ಕೆನಡಾದ ಕ್ವೆಬೆಕ್ ಪ್ರಾಂತದಲ್ಲಿ ಸುಮಾರು 9 ಗಂಟೆ ಕಾಲ ವಿದ್ಯುತ್ ನಿಂತಿತು. 2024ರ ಮೇ 10ರಂದು ಅಮೆರಿಕದಲ್ಲಿ ಬಿತ್ತನೆಯ ಕಾಲ. ಉಪಗ್ರಹದ ಸಂಕೇತದಿಂದ ಸಾಲು ಹಿಡಿಯುವ ಟ್ರ್ಯಾಕ್ಟರುಗಳಿಗೆ ದಾರಿ ಸರಿಯಾಗಿ ಸಿಗದೆ ಅನೇಕ ರೈತರು ಕೆಲಸ ನಿಲ್ಲಿಸಬೇಕಾಯಿತು.

ನಮ್ಮಲ್ಲಿಯೂ ಡ್ರೋನ್ ಸಿಂಪಡಣೆ, ಉಪಗ್ರಹದ ನೆರವಿನ ಜಮೀನು ಅಳತೆ ಬಂದಿವೆ. ಅಳತೆ ಒಂದು ಮೊಳ ತಪ್ಪಿದರೂ ಬದುವಿನ ಜಗಳ ತಪ್ಪದು. ಆದುದರಿಂದ ಇಷ್ಟನ್ನು ನೆನಪಿಡಿ:

1. ದೊಡ್ಡ ಭೂಕಾಂತ ಬಿರುಗಾಳಿಯ ಮುನ್ಸೂಚನೆ ಇದ್ದರೆ ಅಳತೆ ಮತ್ತು ಡ್ರೋನ್ ಕೆಲಸವನ್ನು ಮುಂದಕ್ಕೆ ಹಾಕಿ. ಅಳತೆ ಆಗಿಹೋಗಿದ್ದರೆ ಇನ್ನೊಮ್ಮೆ ತಾಳೆ ನೋಡಿಸಿ.

2. ಕಲೆಗಳನ್ನು ನೋಡುವ ಆಸೆಯಿಂದ ಬರಿಗಣ್ಣಿನಲ್ಲಿ ಸೂರ್ಯನನ್ನು ದಿಟ್ಟಿಸಬೇಡಿ. ಮಕ್ಕಳಿಗೂ ಹೇಳಿ.

3. ಹದ ಇದ್ದರೆ ಕೂರಿಗೆ ಹೂಡಿ. ಸೂರ್ಯನ ಬಿರುಗಾಳಿಗೆ ಹೆದರಿ ಬಿತ್ತನೆ ನಿಲ್ಲಿಸಬೇಡಿ.

ನಿಮ್ಮ ಗ್ರಾಮಸೇವಕ